ಬಿತ್ತನೆ ಕೋಠಿಯಲ್ಲಿ ಬಾಯಿಬಿಟ್ಟ ದಿನ

ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಮಾರನೆಯ ದಿನವೇ ಅರೆಯಬೇಕು. ಪುಟ್ಟ ಕಲ್ಲಿನ ಒರಳಿಗೆ ಚಿಟ್ಟೆಯನ್ನು ಹಾಕಿ, ಕ್ಷಾರದ ನೀರು ಎರಡು ಹನಿ ಬಿಟ್ಟು ನುಣ್ಣಗೆ ಅರೆದು, ಅದರ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಬಳಿದು ಮೈಕ್ರೋಸ್ಕೋಪಿನ ಕೆಳಗೆ ಇಡಬೇಕು. ಉದ್ದುದ್ದಕ್ಕೆ ಹೊಳೆಯುವ ಕಣ ಕಂಡರೆ ಆ ತಾಯಿಗೆ ಗಂಟು ರೋಗವಿದೆ, ಅವಳ ಮೊಟ್ಟೆಗಳಿಗೂ ಇದೆ ಎಂದು ಅರ್ಥ. ಅವಳು ಮೊಟ್ಟೆಯಿಟ್ಟ ಹಾಳೆಯ ಭಾಗವನ್ನು ಕತ್ತರಿಸಿ ಒಲೆಗೆ ಹಾಕುತ್ತಾರೆ. ಕಾಣದಿದ್ದರೆ ಹಾಳೆ ರೈತನ ಮನೆಗೆ ಹೋಗುತ್ತದೆ. ಇದೆ, ಇಲ್ಲ. ಶಿಡ್ಲಘಟ್ಟದ ಒಂದು ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಕಟ್ಟಡದಲ್ಲಿ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಿದ್ದದ್ದು ಈ ಎರಡೇ ಮಾತು.

ಆ ಎರಡು ಮಾತು ಹೇಳಲು ನನ್ನಿಂದ ಆಗದೆ ಹೋದ ಐದು ತಿಂಗಳಿನ ಸಂಗತಿ ಇದು. ಆಗ ಅದನ್ನು ಏನೆಂದು ಕರೆಯಬೇಕೋ ಗೊತ್ತಿರಲಿಲ್ಲ. ಈಗಿನವರು ಆತಂಕ, ಟೆನ್ಷನ್ನು ಎಂದು ಟೀ ಕುಡಿಯುತ್ತಾ ಹೇಳಿಬಿಡುತ್ತಾರೆ. ನಮ್ಮ ಕಾಲದಲ್ಲಿ ಜನರಲ್ಲಿ ಎರಡೇ ಜಾತಿ: ನೆಟ್ಟಗಿರುವವರು, ತಲೆ ಕೆಟ್ಟವರು. ನಡುವೆ ನಿಲ್ಲಲು ಜಾಗವೇ ಇರಲಿಲ್ಲ.

ನನಗೆ ನನ್ನ ಕಣ್ಣಿನ ಮೇಲೆ ಭಾರಿ ಜಂಬ. ಗಾಜನ್ನು ಇಟ್ಟ ತಕ್ಷಣ ಹೇಳುತ್ತಿದ್ದೆ. ಕೊಬ್ಬಿನ ಹನಿಯೂ ಹೊಳೆಯುತ್ತದೆ, ಆದರೆ ಅದು ಗುಂಡಗಿರುತ್ತದೆ. ರೋಗದ ಕಣ ಮೊಟ್ಟೆಯಾಕಾರ. ಹೊಸಬರು ಇವೆರಡರಲ್ಲಿ ಎಡವುತ್ತಿದ್ದರು, ನಾನು ಅವರನ್ನು ನೋಡಿ ನಗುತ್ತಿದ್ದೆ. ಕಿಟಕಿಯ ಪಕ್ಕ ನನ್ನ ಮೇಜು, ಕೆಳಗಿನ ಪುಟ್ಟ ಕನ್ನಡಿಯನ್ನು ಬೆಳಕಿಗೆ ತಿರುಗಿಸಿಕೊಂಡು ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದದ್ದು.

ಆ ವರ್ಷ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಸಾದಲಿಯ ಮಗ್ಗುಲಿನ ಹಳ್ಳಿ, ಅಲ್ಲಿಯೂ ಹುಳು ಸಾಕುವ ಮನೆಯೇ. ಅವಳು ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಬಾಣಂತನ ದೊಡ್ಡಮ್ಮನದು. ಹೆಣ್ಣು ಮಗುವಾಯಿತು. ನಾಮಕರಣಕ್ಕೆ ಹೋಗಿ ನೋಡಿಕೊಂಡು ಬಂದೆ. ಐದನೇ ತಿಂಗಳಿಗೆ ನಾನು ಹೋಗಿ ತಾಯಿ, ಮಗು ಇಬ್ಬರನ್ನೂ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ, ಒಬ್ಬನೇ ಗಂಜಿ ಬೇಯಿಸಿಕೊಳ್ಳುತ್ತಾ ದಿನ ಎಣಿಸುತ್ತಿದ್ದೆ.

ಮಗುವಿಗೆ ಮೂರು ತಿಂಗಳಾದಾಗ ನಮ್ಮ ಮಾವ ಒಂದು ಬೆಳಗ್ಗೆ ಕೋಠಿಗೇ ಬಂದರು. ಕೈಯಲ್ಲಿ ಹಿಪ್ಪುನೇರಳೆ ಎಲೆಯ ಪೊಟ್ಟಣ. ಬಿಚ್ಚಿದರೆ ನಾಲ್ಕು ಹುಳು, ಒಂದು ದಪ್ಪ, ಮೂರು ಸಣ್ಣ. ಮೈಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಚುಕ್ಕೆ.

"ಮೂರನೇ ಜ್ವರದಿಂದ ಎದ್ದಮೇಲೆ ಹಿಂಗಾಯ್ತು, ಅಳಿಯಂದ್ರೇ. ಏನು ನೋಡಿ" ಎಂದರು. ಜ್ವರವೆಂದರೆ ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಕೂರುವ ಕಾಲ.

ಅರೆದು ನೋಡಿದೆ. ಗಂಟು ರೋಗ! ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಅವರು ಮೊಟ್ಟೆ ತಂದದ್ದು ನಮ್ಮ ಕೋಠಿಯಿಂದ. ಹಾಳೆಯ ಮೂಲೆಯಲ್ಲಿ ನನ್ನ ರುಜು.

"ಹೋಗ್ಲಿ ಬಿಡಿ. ನಿಮ್ಮ ಹಾಳೆಯಿಂದಾನೇ ಅಂತ ಏನು ಖಾತ್ರಿ? ಪಕ್ಕದ ಮನೆ ತಟ್ಟೆಯಿಂದಾನೂ ಅಂಟಿರಬಹುದು. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿಬಿಟ್ಟೆ" ಎಂದು ಮಾವ ಎದ್ದರು. ಹೋಗುವಾಗ ಮುಂದಿನ ಬೆಳೆಗೆ ಮತ್ತೆ ನಮ್ಮಲ್ಲೇ ಹಾಳೆಗೆ ಹೆಸರು ಬರೆಸಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆ ರೋಗ ನನ್ನ ಕಣ್ಣು ತಪ್ಪಿ ಹೋದದ್ದೋ, ಪಕ್ಕದ ಮನೆಯಿಂದ ಬಂದದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮುಂದಿನ ವಾರದ ಚಿಟ್ಟೆಗಳನ್ನು ನೋಡಲು ಕೂತಾಗ ಮೊದಲ ಸಲ ಅದು ಬಂತು. ಹತ್ತನೆಯದೋ ಹನ್ನೊಂದನೆಯದೋ ಗಾಜು. ಇಲ್ಲ ಎಂದೆ. ಅಂದ ತಕ್ಷಣ ಎದೆ ಧಸಕ್ಕೆಂದಿತು. ಅಂಗೈ ಬೆವರಿತು, ಕಿವಿಯೊಳಗೆ ಗುಂಯ್ ಎಂದಿತು, ಈ ಕುರ್ಚಿಯಲ್ಲೇ ಪ್ರಾಣ ಹೋಗುತ್ತದೆ ಎನಿಸಿತು. ಪಕ್ಕದಲ್ಲಿ ಅರೆಯುತ್ತಿದ್ದವಳಿಂದ ಗಾಜನ್ನು ವಾಪಸು ಕೇಳಿ ನೋಡಿದೆ. ಇಲ್ಲ. ಸ್ವಲ್ಪ ಹಗುರಾಯಿತು. ಅದೇ ನಾನು ಮಾಡಿದ ತಪ್ಪು. ಮತ್ತೆ ನೋಡಿದರೆ ಹಗುರಾಗುತ್ತದೆ ಎಂದು ಮೈಗೆ ಗೊತ್ತಾಗಿಬಿಟ್ಟಿತು. ಅಲ್ಲಿಂದ ಎರಡು ಸಲ, ಮೂರು ಸಲ, ಐದು ಸಲ. ಐದನೆಯ ಸಲಕ್ಕೆ ಗುಂಡನೆಯ ಕೊಬ್ಬಿನ ಹನಿಯೂ ಉದ್ದಗೆ ಕಾಣುತ್ತಿತ್ತು. ಯಾಕೆ ಬೇಕು ಉಸಾಬರಿ ಎಂದು, ಇದೆ, ಸುಡಿ ಎನ್ನುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಕೋಠಿಯ ಒಲೆಗೆ ನನ್ನಿಂದ ಕೈತುಂಬ ಕೆಲಸವಾಯಿತು. ಹಾಳೆಗಳು ತೂತು ತೂತಾಗಿ ಹೋಗುತ್ತಿದ್ದವು. ಮೊದಲು ನೂರರಲ್ಲಿ ಒಂದೋ ಎರಡೋ ಕತ್ತರಿಸುತ್ತಿದ್ದದ್ದು, ಈಗ ಕತ್ತರಿ ಕೆಳಗಿಡುವಂತಿರಲಿಲ್ಲ. ಎಷ್ಟು ಒಳ್ಳೆಯ ಮೊಟ್ಟೆ ಬೂದಿಯಾಯಿತೋ! ಯಾರಾದರೂ ಕೇಳಿದರೆ, "ಈ ಸಲ ರೋಗ ಜಾಸ್ತಿ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ನನ್ನ ಹೆಸರು ಹೇಗಿತ್ತೆಂದರೆ ಎಲ್ಲರೂ ನಂಬಿದರು.

ಇತ್ತ ತವರಿನಿಂದ ಹೆಂಡತಿಯ ಕಾರ್ಡು ಬರುತ್ತಿತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು, ದುಂಡಗೆ ಬರೆಯುತ್ತಿದ್ದಳು. ಮಗು ಮಗುಚಿಕೊಂಡಿತು. ಮಗು ಬೆಕ್ಕನ್ನು ಕಂಡರೆ ನಗುತ್ತದೆ. ನೀವು ಯಾವಾಗ ಕರೆದುಕೊಂಡು ಹೋಗುತ್ತೀರಿ ಎಂದು ದೊಡ್ಡಮ್ಮ ಕೇಳುತ್ತಾರೆ. ಆಮೇಲೆ ಒಂದು ಕಾರ್ಡಿನಲ್ಲಿ, ನಾನೂ ಕೇಳುತ್ತೇನೆ.

ನಾನು ಬರೆದದ್ದು: ಮನೆಗೆ ಸುಣ್ಣ ಹೊಡೆಸಬೇಕು. ಹೆಂಚು ಸೋರುತ್ತದೆ. ಈ ತಿಂಗಳು ಕೆಲಸ ಹೆಚ್ಚು. ಎಲ್ಲ ಸುಳ್ಳು. ನಿಜವೆಂದರೆ, ಚಿಟ್ಟೆಯ ಮೊಟ್ಟೆಯನ್ನು ಕಾಯಲಾಗದ ನಾನು ಎಳೇ ಮಗುವನ್ನು ಹೇಗೆ ಕಾಯಲಿ ಎಂಬ ಭಯ. ಅದಕ್ಕಿಂತ ದೊಡ್ಡದು, ನನ್ನ ಈ ಸ್ಥಿತಿ ಕಂಡರೆ ತಲೆ ಕೆಟ್ಟವನ ಜೊತೆ ಮಗಳನ್ನು ಬಿಡುವುದಿಲ್ಲ ಎಂದು ತವರಿನವರು ಇಬ್ಬರನ್ನೂ ಇಟ್ಟುಕೊಂಡುಬಿಡುತ್ತಾರೆ ಎಂಬ ಭಯ. ಹಾಗಾಗಿ ನಾನೇ ಹೆಂಡತಿ ಮಗುವನ್ನು ದೂರ ಇಟ್ಟೆ. ಬುದ್ಧಿವಂತಿಕೆ ನೋಡಿ!

ಆದರೆ ಸಂಜೆ ಐದೂವರೆಗೆ ಕಾಲು ತಾನಾಗಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿತ್ತು. ಸಾದಲಿ ಕಡೆಯ ಬಸ್ಸು ಬಂದು ನಿಲ್ಲುವುದು, ಹೆಂಗಸರು ಕಂಕುಳಲ್ಲಿ ಮಗು, ಕೈಯಲ್ಲಿ ಗಂಟು ಹಿಡಿದು ಇಳಿಯುವುದು, ಪ್ರತಿಯೊಬ್ಬರ ಮುಖವನ್ನೂ ನಾನು ನೋಡುವುದು. ಕರೆಯದೆ ಅವಳು ಬರುವುದಿಲ್ಲವೆಂದು ಗೊತ್ತಿದ್ದೂ ಕೊನೆಯವರು ಇಳಿಯುವವರೆಗೆ ನಿಲ್ಲುತ್ತಿದ್ದೆ. ಮನೆಗೆ ಬಂದರೆ ಅವಳು ಬಿಟ್ಟುಹೋದ ಹಳೆಯ ಸೀರೆ ಗೂಟದಲ್ಲಿ ನೇತಾಡುತ್ತಿತ್ತು. ಒಗೆದಿರಲಿಲ್ಲ. ಅವಳ ಮೈಯ ವಾಸನೆ ಹೋದೀತೆಂದು ಒಗೆಯಲಿಲ್ಲ. ಈಗ ಅವಳು ತೀರಿಕೊಂಡು ವರ್ಷಗಳಾದವು. ಸುಳ್ಳು ಯಾಕೆ ಹೇಳಲಿ, ಆಗ ಹಂಬಲಿಸಿದಷ್ಟು ಈಗ ಹಂಬಲಿಸುವುದಿಲ್ಲ. ತೀರಿಕೊಂಡವಳು ಬರುವುದಿಲ್ಲ ಎಂದು ಮನಸ್ಸಿಗೆ ಗೊತ್ತಿರುತ್ತದೆ. ಆಗ ಅವಳು ಒಂದು ಬಸ್ಸಿನ ದೂರದಲ್ಲಿದ್ದಳು, ಬಾ ಎಂದರೆ ಬರುತ್ತಿದ್ದಳು.

ಕೋಠಿಯಲ್ಲಿ ನನ್ನ ಪಕ್ಕ ಕೂತು ಚಿಟ್ಟೆ ಅರೆಯುತ್ತಿದ್ದವಳು ಒಬ್ಬ ಅಜ್ಜಿ. ಮನೆಮಾತು ತೆಲುಗು. ನಾನು ಬರುವುದಕ್ಕೆ ಮೊದಲಿನಿಂದಲೂ ಅದೇ ಒರಳಿನ ಮುಂದೆ ಇದ್ದಳು. ಓದು ಬರಹ ಇಲ್ಲ, ಆದರೆ ಯಾವ ನಂಬರಿನ ಚಿಟ್ಟೆ ಯಾವ ಗಾಜಿನಲ್ಲಿದೆ ಎಂಬುದು ತಪ್ಪುತ್ತಿರಲಿಲ್ಲ. ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಎದ್ದಮೇಲೆ ಅವಳು ಕೂತೇ ಇದ್ದಳು.

"ಏಮಪ್ಪಾ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬಾರದು" ಎಂದಳು. "ಬೆಳಗ್ಗೆ ಒಂದೇ ಚಿಟ್ಟೇನ ಎರಡು ಗಾಜಿಗೆ ಬಳಿದು ಕೊಟ್ಟೆ. ಒಂದಕ್ಕೆ ನೀನು ಇಲ್ಲ ಅಂದೆ. ಇನ್ನೊಂದನ್ನ ಸುಡು ಅಂದೆ."

ರಕ್ತ ತಲೆಗೇರಿತು. "ನನಗೇ ಪರೀಕ್ಷೆ ಇಡ್ತೀಯಾ? ಸಾಹೇಬರಿಗೆ ಹೇಳಿ ಕೆಲಸದಿಂದ ತೆಗೆಸ್ತೀನಿ ನೋಡು!"

"ತೆಗೆಸು. ಕೈ ನಡುಗ್ತದೆ ನಿಂಗೆ. ಗಾಜಿನ ಅಂಚು ಟಕಟಕ ಅಂತದೆ, ನಂಗೆ ಕೇಳಿಸ್ತದೆ. ಎಷ್ಟು ದಿನದಿಂದ ಅಪ್ಪಾ?"

ನಾನು ಎದ್ದು ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ತಲೆಯಿಟ್ಟೆ. ಆ ಮುದುಕಿಯ ಜೊತೆ ಮೂರು ದಿನ ಮಾತು ಬಿಟ್ಟೆ. ಅವಳೂ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಕೋಠಿಯ ಸಾಹೇಬರು ಮೈಕ್ರೋಸ್ಕೋಪಿನ ಕೋಣೆಗೆ ಬಂದರು. ಒಣ ಮನುಷ್ಯ, ನಕ್ಕದ್ದನ್ನು ನಾನು ಕಂಡಿರಲಿಲ್ಲ. ಹಿಂದೆ ಇಬ್ಬರು ರೈತರು. ಹಾಳೆ ಬರೆಸಿ ವಾರವಾಗಿತ್ತು, ತೋಟದಲ್ಲಿ ಸೊಪ್ಪು ಬಲಿಯುತ್ತಿತ್ತು, ಮೊಟ್ಟೆ ಸಿಕ್ಕಿರಲಿಲ್ಲ.

"ಏನ್ರೀ, ಸುಟ್ಟದ್ದೇ ಜಾಸ್ತಿಯಾಯ್ತಲ್ಲ. ಬಿತ್ತನೆ ಗೂಡೇ ಸರಿಯಿಲ್ವಾ?" ಎಂದು ಕೇಳಿದರು. "ಹಂಗಿದ್ರೆ ಹೇಳಿ. ಆ ಊರಿನ ಗೂಡು ಇನ್ನುಮುಂದೆ ಬಿತ್ತನೆಗೆ ಬೇಡ ಅಂತ ಇವತ್ತೇ ಬರೆದುಬಿಡ್ತೀನಿ."

ಬಿತ್ತನೆಗೆ, ಅಂದರೆ ಚಿಟ್ಟೆ ಹೊರಡಿಸಿ ಮೊಟ್ಟೆ ಇಡಿಸಲು, ಗೂಡು ಕೊಡುತ್ತಿದ್ದದ್ದು ಮಂಚೇನಹಳ್ಳಿಯ ಕಡೆಯ ಒಂದು ಸಣ್ಣ ಊರು. ಎರಡು ತಲೆಮಾರಿನಿಂದ ಅದೇ ಕಸುಬು. ಹುಳುವಿನ ಮನೆಗೆ ಹೊರಗಿನವರನ್ನು ಬಿಡದೆ, ತಟ್ಟೆಗಳನ್ನು ಬಿಸಿಲಿಗೆ ಹಾಕಿ, ಕೂಸಿನ ಹಾಗೆ ಸಾಕುತ್ತಿದ್ದ ಜನ. ಹೂಂ ಸಾರ್ ಎಂದರೆ ನಾನು ಉಳಿಯುತ್ತಿದ್ದೆ. ಒಂದೇ ಒಂದು ಹೂಂ. ನಾಲಿಗೆಯ ತುದಿಗೂ ಬಂದಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ಒರಳಿನ ಸದ್ದು ನಿಂತಿತ್ತು. ಅಜ್ಜಿ ನನ್ನ ಕಡೆ ನೋಡಲಿಲ್ಲ, ಒರಳನ್ನೇ ನೋಡುತ್ತಿದ್ದಳು.

"ಗೂಡು ಚೆನ್ನಾಗಿದೆ ಸಾರ್. ಕೆಟ್ಟಿರೋದು ನಾನು" ಎಂದುಬಿಟ್ಟೆ.

"ಅಂದ್ರೆ?"

"ಭಯ ಆಗುತ್ತೆ ಸಾರ್. ಗಾಜು ಇಟ್ಟ ತಕ್ಷಣ ಎದೆ ಬಡ್ಕೊಳ್ಳುತ್ತೆ, ಬೆವರುತ್ತೆ, ಸತ್ತುಹೋಗ್ತೀನಿ ಅನ್ನಿಸುತ್ತೆ. ಏನು ಕಾಣ್ತಿದೆ ಅಂತ ನನಗೇ ತಿಳಿಯಲ್ಲ. ಅದಕ್ಕೇ ಒಳ್ಳೇದನ್ನೂ ಸುಡಿಸಿದ್ದೀನಿ. ನಾಲ್ಕು ತಿಂಗಳಿಂದ ಹಿಂಗೇ."

ರೈತರಲ್ಲಿ ಒಬ್ಬ ಇನ್ನೊಬ್ಬನ ಮುಖ ನೋಡಿದ. ಕೋಣೆಯಲ್ಲಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿದ್ದರು. ನನಗೆ ಅಳು ಬಂತು, ತಡೆಯಲಾಗಲಿಲ್ಲ. ಮೀಸೆ ಬಂದ ಗಂಡಸು ಅಷ್ಟು ಜನರ ಮುಂದೆ ಅತ್ತೆ, ಅದನ್ನೇನು ಬಚ್ಚಿಡುವುದು.

ಸಾಹೇಬರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಕೋಟು ತೆಗೆದು ಮೊಳೆಗೆ ಹಾಕಿದರು. "ಏಳಿ" ಎಂದು ನನ್ನ ಕುರ್ಚಿಯಲ್ಲಿ ಕೂತು, ಅವತ್ತಿನ ಗಾಜುಗಳನ್ನೆಲ್ಲ ಸಂಜೆಯವರೆಗೆ ತಾವೇ ನೋಡಿದರು. ರೈತರಿಗೆ ಹಾಳೆ ಸಿಕ್ಕಿತು. ಹೊರಡುವಾಗ, "ಹದಿನೈದು ದಿನ ಹಾಳೆ ತೊಳೆಯೋ ಕಡೆ ಇರಿ. ನಾಳೆ ಡಾಕ್ಟರನ್ನ ನೋಡಿ ಬನ್ನಿ. ಮುಚ್ಚಿಟ್ಟಿದ್ದು ತಪ್ಪು. ಹೇಳಿದ್ದು ತಪ್ಪಲ್ಲ" ಎಂದಷ್ಟೇ ಹೇಳಿದರು. ಆ ಒಣ ಮನುಷ್ಯನ ಕಾಲಿಗೆ ಬೀಳಬೇಕು ಎನಿಸಿತು.

ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ ಗುಂಡಿಗೆ ಗಟ್ಟಿಯಾಗಿದೆ ಎಂದರು. ಬಾಟಲಿಯಲ್ಲಿ ಕಹಿ ಮಿಕ್ಸ್ಚರು ಕೊಟ್ಟರು. ಅದರಿಂದ ಏನಾಯಿತೋ ಕಾಣೆ. ಅವರು ಕೇಳಿದ ಒಂದು ಪ್ರಶ್ನೆ ಮಾತ್ರ ಒಳಗೆ ಇಳಿಯಿತು.

"ಇದನ್ನ ಯಾರಿಗೆ ಹೇಳಿದ್ದೀರಿ?"

"ಆಫೀಸಿನಲ್ಲಿ, ಸಾರ್."

"ಮನೇಲಿ?"

"ಹೆಂಡತಿ ತವರಲ್ಲಿದ್ದಾಳೆ" ಎಂದೆ. "ಮೊದಲು ಹೇಳಬೇಕಾದೋರಿಗೆ ಹೇಳಿಲ್ಲ ಅನ್ನಿ" ಎಂದು ಅವರು ಮುಂದಿನ ರೋಗಿಯನ್ನು ಕರೆದರು.

ಹದಿನೈದು ದಿನ ಮೊಟ್ಟೆ ಹಾಳೆಗಳನ್ನು ಔಷಧಿಯ ನೀರಿನಲ್ಲಿ ಅದ್ದಿ ನೆರಳಿಗೆ ಹರವಿದೆ. ಮತ್ತೆ ಮೈಕ್ರೋಸ್ಕೋಪಿನ ಮುಂದೆ ಕೂತ ದಿನ ಅಜ್ಜಿ ಒಂದು ಬೋಗುಣಿ ನೀರು ತಂದು ಮೇಜಿನ ಮೇಲಿಟ್ಟಳು.

"ನೋಡಪ್ಪಾ, ನಡುಗಡೆ ಒಂದ್ಸಾರಿ, ನಾಲ್ಕು ಮೂಲೆಗೂ ಒಂದೊಂದ್ಸಾರಿ ನೋಡು. ಗಟ್ಟಿಯಾಗಿ ಹೇಳು. ಹೇಳಿದ ಮೇಲೆ ಗಾಜು ನೀರಿಗೆ. ಮತ್ತೆ ಕೇಳಿದ್ರೆ ನನ್ ಹತ್ರ ಇರಲ್ಲ."

ಮೊದಲ ಗಾಜು ನೀರಿಗೆ ಬಿದ್ದಾಗ ಜೀವ ಬಾಯಿಗೆ ಬಂತು. "ಅಜ್ಜೀ, ಭಯ ಆಗ್ತಿದೆ" ಎಂದೆ. "ಆಗ್ಲಿ. ಮುಂದಿಂದು ನೋಡು" ಎಂದಳು. ಹೀಗೆ ಬೆಳಗ್ಗೆಯೆಲ್ಲ. ನಾನು ಭಯ ಎನ್ನುವುದು, ಅವಳು ಆಗ್ಲಿ ಎನ್ನುವುದು. ಮಧ್ಯಾಹ್ನದ ಹೊತ್ತಿಗೆ ಭಯ ಹೋಗಿರಲಿಲ್ಲ, ಆದರೆ ಪಕ್ಕಕ್ಕೆ ಸರಿದು ಕೂತಿತ್ತು. ಎರಡನೆಯ ವಾರದ ಹೊತ್ತಿಗೆ ಗುಂಡು ಗುಂಡಾಗಿಯೂ ಉದ್ದ ಉದ್ದವಾಗಿಯೂ ಕಾಣತೊಡಗಿತು. ಸಾಹೇಬರು ನಡುನಡುವೆ ಬಂದು ಒಂದೆರಡು ಗಾಜು ನೋಡಿ ಹೋಗುತ್ತಿದ್ದರು.

ಇನ್ನು ಸುಣ್ಣ, ಹೆಂಚು ಎಂದು ಬರೆಯಲು ಕೈ ಬರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಸಾದಲಿಯ ಬಸ್ಸು ಹತ್ತಿದೆ.

ಮಾವ ಜಗುಲಿಯಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದರು. ದೊಡ್ಡಮ್ಮ ಕಾಲಿಗೆ ನೀರು ಕೊಟ್ಟಳು. ಹೆಂಡತಿ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಬಾಗಿಲಿಗೆ ಬಂದು ನಿಂತಳು. ಇಳಿದುಹೋಗಿದ್ದಳು. ಬಂದ್ರಾ ಎಂದು ಸಹ ಕೇಳಲಿಲ್ಲ. ಮಗು ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿ ಮುಖ ಮುಚ್ಚಿಕೊಂಡಿತು. ಆ ಎಂಟು ತಿಂಗಳ ಕೂಸಿಗೆ ನಾನು ಹೊಸಬನೇ.

ನಿಂತಲ್ಲೇ ಹೇಳಿದೆ. ಕೂತರೆ ಹೇಳಲಾರೆ ಎಂದು ನಿಂತೇ ಎಲ್ಲ ಹೇಳಿದೆ. ಎದೆಬಡಿತ, ಬೆವರು, ಸುಟ್ಟ ಮೊಟ್ಟೆ, ಸಾಹೇಬರ ಮುಂದೆ ಅತ್ತದ್ದು. "ಮಾವ, ನಿಮ್ಮ ಹುಳ ಹೋಗಿದ್ದು ನನ್ನ ಕಣ್ಣಿಂದಾನೇ ಇರಬಹುದು. ಈ ಭಯ ಪೂರ್ತಿ ಹೋಗಿಲ್ಲ. ಮತ್ತೆ ಬರಬಹುದು. ಇದನ್ನೆಲ್ಲ ತಿಳಿದುಕೊಂಡು ಕಳಿಸೋದಾದ್ರೆ ಇವರಿಬ್ಬರನ್ನ ಕಳಿಸಿಕೊಡಿ. ಇವರಿಲ್ಲದೆ ನನಗೆ ಆಗ್ತಿಲ್ಲ."

ಮೊದಲು ಬಾಯಿ ಬಿಟ್ಟದ್ದು ದೊಡ್ಡಮ್ಮ. "ಅಯ್ಯೋ ದೇವರೇ, ಯಾವುದೋ ಗಾಳಿ ಸೋಕಿದೆ! ಮೊದಲು ತಾಯತ ಕಟ್ಟಿಸಣ. ಹಸುಗೂಸನ್ನ ಇಂಥವ್ರ ಜೊತೆ ಹೆಂಗೆ ಕಳ್ಸೋದು? ಇನ್ನೊಂದು ವರ್ಷ ಇಲ್ಲೇ ಇರ್ಲಿ."

ಯಾವ ಮಾತಿಗೆ ಐದು ತಿಂಗಳು ಹೆದರಿದ್ದೆನೋ ಅದೇ ಮಾತು. ಮಾವ ಕತ್ತಿ ಕೆಳಗಿಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡರು.

"ನಿಮ್ಮ ಅತ್ತೆಗೂ ಹಿಂಗೇ ಆಗ್ತಿತ್ತು, ಅಳಿಯಂದ್ರೇ" ಎಂದರು.

ಬಾಗಿಲಲ್ಲಿದ್ದವಳು ತಲೆಯೆತ್ತಿದಳು. "ಅಮ್ಮ ಜ್ವರ ಬಂದು ಹೋದ್ಲು ಅಂತಿದ್ರಿ?"

"ಕೊನೇಗೆ ಬಂದಿದ್ದು ಜ್ವರಾನೇ ಕಣಮ್ಮ. ಅದಕ್ಕೂ ಮುಂಚೆ ಒಂದು ವರ್ಷ ನೆಟ್ಟಗೆ ಉಣ್ಣಲಿಲ್ಲ, ಮಲಗಲಿಲ್ಲ. ಬೆಳಗಾಗೆದ್ದು ಒಲೆ ಮುಂದೆ ಕೂತ್ಕೊಂಡು, ಎದೆ ಹೊಡ್ಕೊಳ್ತದೆ, ಏನೋ ಆಗ್ತದೆ ಅನ್ನೋಳು."

"ಯಾರಿಗೂ ಹೇಳಿಕೊಳ್ಳಲಿಲ್ಲವಾ ಮಾವ?" ಎಂದು ಕೇಳಿದೆ.

"ನಂಗೆ ಹೇಳಿದ್ಲು. ಒಂದ್ಸಲ ಅಲ್ಲ, ದಿನಾ ಹೇಳಿದ್ಲು. ಹುಳ ಮೇಯೋ ಹೊತ್ತಲ್ಲಿ ನಿಂದೇನೇ ಗೋಳು, ಹೋಗಿ ಸೊಪ್ಪು ತತ್ತಾ ಅಂತಿದ್ದೆ. ಆಮೇಲೆ ಹೇಳೋದು ಬಿಟ್ಲು. ವಾಸಿ ಆಯ್ತು ಅಂದ್ಕೊಂಡೆ."

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಮಾವ ಮಗಳ ಕಡೆ ತಿರುಗಿದರು. "ಬಟ್ಟೆ ಕಟ್ಕೊ ಕಣಮ್ಮ, ಮಧ್ಯಾಹ್ನದ ಬಸ್ಸಿಗೆ ಹೊರಡಿ. ಅವ್ರು ಭಯ ಅಂದ್ರೆ ಕೂತ್ಕೊಂಡು ಕೇಳು. ನನ್ ಹಂಗೆ ಮಾಡಬೇಡ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ತೊಡೆಯ ಮೇಲೆ ನಿದ್ದೆ ಹೋದ ಮಗು. ಬಸ್ಸು ಊರು ದಾಟಿದ ಮೇಲೆ ಹೊರಗೆ ನೋಡುತ್ತಲೇ ಹೇಳಿದಳು.

"ಸುಣ್ಣ, ಹೆಂಚು ಅಂತ ಬರೀತಿದ್ರಲ್ಲ. ಬೇರೆ ಯಾರನ್ನೋ ಇಟ್ಕೊಂಡಿದೀರಿ ಅಂದ್ಕೊಂಡೆ."

"ಥೂ! ನನ್ನ ಮುಖಕ್ಕೆ ಬೇರೆಯವಳೊಂದು ಕೇಡು" ಎಂದೆ.

"ಅದೇ ದೊಡ್ಡಮ್ಮನೂ ಅಂದ್ಲು" ಎಂದಳು. ಇಬ್ಬರಿಗೂ ನಗು ಬಂತು, ಅವಳಿಗೆ ನಗುತ್ತಾ ನಗುತ್ತಾ ಕಣ್ಣು ತುಂಬಿತು. ತಿಂಗಳುಗಟ್ಟಲೆ ಕೇಳಬೇಕೆಂದಿದ್ದ ಆ ನಗು ಮೊಳದೂರದಲ್ಲಿತ್ತು. ಅಷ್ಟರಲ್ಲಿ, ಯಾವ ಕಾರಣವೂ ಇಲ್ಲದೆ, ಅದು ಶುರುವಾಯಿತು. ಅಂಗೈ ಒದ್ದೆಯಾಯಿತು, ಉಸಿರು ಗಂಟಲಲ್ಲೇ ನಿಂತಿತು. ಸುಮ್ಮನೆ ಇದ್ದುಬಿಡಲೇ ಎನಿಸಿತು. ಈಗ ತಾನೇ ನಗುತ್ತಿದ್ದಾಳೆ, ಯಾಕೆ ಹೇಳುವುದು?

"ನೋಡೇ, ಈಗ ಬಂದಿದೆ ಅದು" ಎಂದೆ.

"ಈಗಲಾ?"

"ಹೂಂ. ಕೈ ನಡುಗ್ತಿದೆ."

ಅವಳು ನನ್ನ ಕೈ ನೋಡಿದಳು. ಮಗುವನ್ನು ತನ್ನ ತೊಡೆಯಿಂದ ಮೆಲ್ಲಗೆ ಎತ್ತಿ ನನ್ನ ತೊಡೆಯ ಮೇಲೆ ಮಲಗಿಸಿದಳು.

"ಕೈ ನಡುಗ್ತಿದೆ ಅಂದೆನಲ್ಲೇ!"

"ಕೇಳಿಸ್ತು. ಕತ್ತಿನ ಕೆಳಗೆ ಹಿಡ್ಕಳಿ."

ಹಿಡಿದುಕೊಂಡೆ. ಶಿಡ್ಲಘಟ್ಟ ಬರುವವರೆಗೂ ಅವಳು ಮಗುವನ್ನು ವಾಪಸು ಕೇಳಲಿಲ್ಲ.